ಹಿತ್ತಾಳೆ ಬಿರಡೆಯ ತಂಬೂರಿ

"ನಾ ಇಲ್ಲದಾಗ ಇದಕ್ಕ ಕೈ ಹಚ್ಚಬಾರದು. ಬಿಚ್ಚೂದಿದ್ರೂ ನನ್ನ ಕಣ್ಣ ಮುಂದ, ಕಟ್ಟೂದಿದ್ರೂ ನನ್ನ ಕಣ್ಣ ಮುಂದ. ಒಪ್ಪಿಗಿ ಇದ್ರ ಹೇಳ್ರಿ, ಇಲ್ಲಾಂದ್ರ ಹಂಗ ಹೊಳ್ಳಿ ಹೊಕ್ಕೀನಿ."

ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಆ ಹೆಣ್ಣುಮಗಳು ಹೇಳಿದ ಮಾತಿದು. ಕೌದಿಯಲ್ಲಿ ಸುತ್ತಿದ ತಂಬೂರಿಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದರು. ಬಿಸಿಲಿಗೆ ಮುಖ ಕೆಂಪಗಾಗಿತ್ತು. ನಾನು ಕೂಡಲು ಚಾಪೆ ಹಾಸಿದರೆ ಮೊದಲು ಅದರ ಮೇಲೆ ತಂಬೂರಿಯನ್ನು ಮಲಗಿಸಿ, ತಾವು ಬರಿ ನೆಲಕ್ಕೆ ಕುಳಿತರು.

ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ರೋಣದ ಬಜಾರದ ತುದಿಗೆ ತಗಡು ಹೊದಿಸಿದ ಒಂದು ಕೋಣೆಯೇ ನನ್ನ ಅಂಗಡಿ. ಹಾರ್ಮೋನಿಯಂ, ತಬಲಾ, ತಂಬೂರಿ, ಭಜನೆಯವರ ಏಕತಾರಿ, ಯಾವುದು ಕೆಟ್ಟರೂ ಸುತ್ತಲಿನ ಹಳ್ಳಿಯವರು ನನ್ನ ಬಳಿ ತರುತ್ತಿದ್ದರು. ಅಬ್ಬಿಗೇರಿಯ ಈ ಕೀರ್ತನಕಾರ್ತಿಯ ಹೆಸರನ್ನು ನಾನೂ ಕೇಳಿದ್ದೆ. ಗಂಡ ಕೀರ್ತನಕಾರರು. ಅವರು ತೀರಿಕೊಂಡ ಮೇಲೆ ಈಕೆಯೇ ತಂಬೂರಿಯನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತಾಗ ಕೆಲವರು ಮೂಗು ಮುರಿದಿದ್ದರಂತೆ. ದನಿ ಕೇಳಿದ ಮೇಲೆ ಸುಮ್ಮನಾದರಂತೆ. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

"ಏನಾಗೇತ್ರಿ ಅಕ್ಕಾರ ಇದಕ್ಕ?"

"ಇದಕ್ಕೇನೂ ಆಗಿಲ್ಲ. ನನ್ನ ಹೆಗಲು ಹೋಗೇತಿ" ಎಂದರು. "ದವಾಖಾನ್ಯಾಗ ಡಾಕ್ಟರು ಇನ್ನ ಈ ಭಾರ ಹೊತ್ರ ಎಡಗೈ ಎತ್ತಾಕ ಬರೂದಿಲ್ಲ ಅಂದಾರ. ಇನ್ನ ಹದಿನೆಂಟು ದಿನಕ್ಕ ನರಗುಂದದಾಗ ಏಳು ದಿನದ ಕೀರ್ತನ ಹಿಡದೀನಿ. ಭಾರ ಇಳಸಿ ಕೊಡ್ರಿ."

ಕೌದಿ ಬಿಚ್ಚಿದಾಗ ನನಗೆ ಮೊದಲು ಕಂಡದ್ದು ತಂಬೂರಿಯ ತಲೆಯಲ್ಲಿದ್ದ ನಾಲ್ಕು ಹಿತ್ತಾಳೆಯ ಯಂತ್ರ. ಸಾಮಾನ್ಯವಾಗಿ ಅಲ್ಲಿ ಮರದ ಬಿರಡೆ ಇರುತ್ತದೆ. ಅದನ್ನು ತಿರುವಿ ತಂತಿ ಬಿಗಿ ಮಾಡುತ್ತೇವೆ. ಇಲ್ಲಿ ಬಿರಡೆಗೆ ಬದಲು ಹಲ್ಲಿನ ಚಕ್ರ, ಅದಕ್ಕೆ ಕಚ್ಚಿಕೊಂಡ ಸುರುಳಿಯ ಮೊಳೆ. ಬೆರಳಿನಿಂದ ಹಿಡಿದು ತಿರುಗಿಸಲು ಏನೂ ಇಲ್ಲ, ಮೊಳೆಯ ತುದಿ ಚೌಕ. ಕೀಲಿ ಹಾಕಿಯೇ ತಿರುವಬೇಕು. ಆ ಕೀಲಿ ಅಕ್ಕನ ಕೊರಳಿನ ಕರಿ ದಾರದಲ್ಲಿತ್ತು. ಹುಬ್ಬಳ್ಳಿಯಲ್ಲಿ ಒಬ್ಬ ಕಂಚುಗಾರನ ಕೈಯಲ್ಲಿ ಮಾಡಿಸಿದ್ದಂತೆ. ಇಡೀ ತಂಬೂರಿಗೆ ಹೊಸದಾಗಿ ಕರಿ ಬಣ್ಣವನ್ನೂ ಹೊಡೆಸಿದ್ದರು.

ಪಟ್ಟಿಯನ್ನು ನನ್ನ ಹೆಗಲಿಗೆ ಹಾಕಿಕೊಂಡು ನಿಂತು ನೋಡಿದೆ. ಕೈ ಬಿಟ್ಟ ಕೂಡಲೇ ತಂಬೂರಿಯ ತಲೆ ಮುಂದಕ್ಕೆ ವಾಲಿ ನೆಲದ ಕಡೆಗೆ ಇಳಿಯಿತು. ಹಿಡಿಯದಿದ್ದರೆ ಗೋಡೆಗೆ ಬಡಿಯುತ್ತಿತ್ತು. ಎರಡು ತಾಸು ಕೀರ್ತನ ಮಾಡುವವರು ಎಡಗೈಯಿಂದ ಅದನ್ನು ಎತ್ತಿ ಹಿಡಿದೇ ನಿಲ್ಲಬೇಕು. ಅಂದ ಮೇಲೆ ಅಕ್ಕ ಎಡಗೈಯಲ್ಲಿ ತಾಳಕ್ಕೆ ಚಿಪಳಿ ಬಾರಿಸುವುದನ್ನೂ ಬಿಟ್ಟಿರಬೇಕು ಎಂದುಕೊಂಡೆ. ಕೇಳಿದರೆ ಹೌದೆಂದರು.

"ಇಷ್ಟು ಭಾರದ್ದು ಯಾಕ ಹಾಕಿಸಿದ್ರಿ?"

ಅವರು ಒಮ್ಮೆ ಹೊರಗೆ ನೋಡಿ ದನಿ ತಗ್ಗಿಸಿದರು. "ಕಳ್ಳ ಮನ್ಯಾಗ ಇದ್ದ, ಅದಕ್ಕ."

ಅವರು ಹೇಳಿದ್ದು ಇಷ್ಟು. ಗಂಡನ ತಮ್ಮ, ಅಂದರೆ ಮೈದುನ, ಅವರ ಕೀರ್ತನಕ್ಕೆ ಹಾರ್ಮೋನಿಯಂ ಬಾರಿಸುತ್ತಿದ್ದ. ಮುಂಜಾನೆ ಅಕ್ಕ ತಾವೇ ಶ್ರುತಿ ಮಾಡಿಟ್ಟ ತಂಬೂರಿ ಸಂಜೆ ಕೀರ್ತನಕ್ಕೆ ನಿಲ್ಲುವ ಹೊತ್ತಿಗೆ ಇಳಿದಿರುತ್ತಿತ್ತು. ಒಂದು ದಿನವಲ್ಲ, ಬೇಸಿಗೆಯಲ್ಲಿ ದಿನಾಲೂ. ಜನರ ಎದುರು ಮತ್ತೆ ಶ್ರುತಿ ಮಾಡುತ್ತ ನಿಲ್ಲಬೇಕು, ಮೈದುನ ಹಾರ್ಮೋನಿಯಂ ಮೇಲೆ ಕೈಯಿಟ್ಟು ಕಾಯುತ್ತ ಕೂಡಬೇಕು. ಅಣ್ಣನ ಜಾಗದಲ್ಲಿ ತಾನು ನಿಲ್ಲಬೇಕೆಂಬ ಆಸೆ ಅವನಿಗಿತ್ತು, ಅದಕ್ಕೇ ಬಿರಡೆ ಸಡಿಲು ಮಾಡುತ್ತಾನೆ ಎಂದು ಅಕ್ಕನಿಗೆ ಸಂಶಯ. ಕೀಲಿಯ ಯಂತ್ರ ಹಾಕಿಸಿದರು. ಆದರೂ ಶ್ರುತಿ ಇಳಿಯಿತು. ಇನ್ನೊಂದು ಕೀಲಿ ಮಾಡಿಸಿಕೊಂಡಿದ್ದಾನೆ ಎಂದುಕೊಂಡರು. ಹೋದ ವರ್ಷ ಬೆಳವಣಕಿಯಲ್ಲಿ ಕೀರ್ತನದ ನಡುವೆಯೇ ನಿಲ್ಲಿಸಿ, ನೆರೆದ ಮಂದಿಯ ಮುಂದೆ ಅವನ ಕಡೆಗೆ ಕೈ ಮಾಡಿ, "ನನ್ನ ಅನ್ನಕ್ಕ ಮಣ್ಣು ಹಾಕೂ ಕಳ್ಳ ನನ್ನ ಬೆನ್ನ ಹಿಂದ ಕುಂತಾನ" ಎಂದುಬಿಟ್ಟರು. ಅವನು ಅಲ್ಲಿಂದಲೇ ಎದ್ದು ಹೋಗಿ, ಗಜೇಂದ್ರಗಡದಲ್ಲಿ ನೇಕಾರರೊಬ್ಬರ ಮನೆಯಲ್ಲಿ ನೂಲು ಸುತ್ತುವ ಕೆಲಸಕ್ಕೆ ನಿಂತಿದ್ದ.

"ಅಂವಾ ಹೋದ ಮ್ಯಾಲೆ ಶ್ರುತಿ ನಿಂತಿತೇನ್ರಿ?" ಎಂದು ಕೇಳಿದೆ.

ಅಕ್ಕ ನನ್ನನ್ನು ದಿಟ್ಟಿಸಿ ನೋಡಿದರು. "ಅವನ ಮಂದಿ ಎಲ್ಲಾ ಕಡೆ ಅದಾರ" ಎಂದರು.

ಆ ನೋಟದಲ್ಲಿ ನಾನೂ ಆ ಮಂದಿಯೊಳಗೆ ಸೇರಿದ್ದೆ.

ಕೆಲಸ ಹಿಡಿದೆ. ಅಕ್ಕ ರೋಣದಲ್ಲಿ ತಂಗಿಯ ಮನೆಯಲ್ಲಿ ಉಳಿದರು. ಮುಂಜಾನೆ ಬರುವರು, ನಾನು ಕೈ ಇಟ್ಟಲ್ಲೆಲ್ಲ ಕಣ್ಣಿಡುವರು. ಮಧ್ಯಾಹ್ನ ಊಟಕ್ಕೆ ಹೋಗುವಾಗ ತಂಬೂರಿಯನ್ನು ನನ್ನ ಉದ್ದನೆಯ ಮರದ ಸಂದೂಕಿನಲ್ಲಿಟ್ಟು ತಮ್ಮದೇ ಕೀಲಿ ಜಡಿಯುವರು. ನಾನು ತಂಬೂರಿಯ ಸೋರೆಬುರುಡೆ ಬದಲಾಯಿಸಿಬಿಟ್ಟೇನು ಎಂದು ಅದರ ತಳದಲ್ಲಿ ಸೂಜಿಯಿಂದ ಒಂದು ಗುರುತು ಗೀರಿದ್ದು ನನಗೆ ಕಂಡಿತು. ನನಗೆ ಸಿಟ್ಟು ಬಂತು, ಆದರೂ ಉಳಿ ಕೈಗೆತ್ತಿಕೊಂಡೆ.

ಮೊದಲು ಹಿತ್ತಾಳೆ ಬಿಚ್ಚಿದೆ. ಪಕ್ಕದ ತಂಬಾಕಿನ ಅಂಗಡಿಯವನ ತಕ್ಕಡಿಯಲ್ಲಿಟ್ಟರೆ ನಾಲ್ಕೂ ಸೇರಿ ಐವತ್ತೆರಡು ತೊಲ ತೂಗಿದವು. ಅರ್ಧ ಸೇರಿಗಿಂತ ಹೆಚ್ಚು ಲೋಹ, ಅದೂ ತಂಬೂರಿಯ ಉದ್ದನೆಯ ಕತ್ತಿನ, ಅಂದರೆ ದಾಂಡಿಯ, ತುತ್ತತುದಿಯಲ್ಲಿ! ಅವುಗಳಿಗಾಗಿ ಕೊರೆದ ತೂತುಗಳು ಹೆಬ್ಬೆರಳು ಹೋಗುವಷ್ಟು ಅಗಲ. ಅದರಲ್ಲಿ ಮರದ ಬಿರಡೆ ನಿಲ್ಲುವುದಿಲ್ಲ. ಹಾಗಾಗಿ ಸಾಗವಾನಿಯ ಗುಂಡನೆಯ ತುಂಡುಗಳನ್ನು ಕಡೆದು, ತೂತಿಗೆ ಸರಿಯಾಗಿ ಕೂರಿಸಿ, ತೊಗಲು ಕುದಿಸಿ ಮಾಡಿದ ಸರಸಿನಿಂದ ಅಂಟಿಸಿದೆ. ಅದು ಒಣಗಲು ಎರಡು ದಿನ. ಆಮೇಲೆ ಒಂದು ಕಡೆ ಸಣ್ಣ, ಇನ್ನೊಂದು ಕಡೆ ದೊಡ್ಡ ಆಗುವ ಹಾಗೆ ಹೊಸ ತೂತು ತೆಗೆದೆ. ಬಿರಡೆ ಒಳಗೆ ಒತ್ತಿದಷ್ಟೂ ಬಿಗಿಯಾಗಬೇಕು. ಹೊಸ ಬಿರಡೆ ಕಡೆಯುವವರೆಗೆ ನೋಡೋಣ ಎಂದು ನನ್ನಲ್ಲಿದ್ದ ಹಳೆಯ ನಾಲ್ಕು ಬಿರಡೆಗಳನ್ನು ಜಾರದಂತೆ ಸೀಮೆಸುಣ್ಣದ ಪುಡಿ ಸವರಿ ಕೂರಿಸಿ, ತಂತಿ ಕಟ್ಟಿ, ಶ್ರುತಿಪೆಟ್ಟಿಗೆಗೆ ಸರಿಯಾಗಿ ಹೊಂದಿಸಿದೆ. ಅಕ್ಕ ಕೇಳಿ ತಲೆಯಾಡಿಸಿದರು. ಸಂದೂಕಿನಲ್ಲಿಟ್ಟು ಕೀಲಿ ಜಡಿದು ಊಟಕ್ಕೆ ಹೋದರು.

ಮೂರು ಗಂಟೆಗೆ ಬಂದು ತೆಗೆದು ಮೀಟಿದರು. ಶ್ರುತಿ ಅರ್ಧ ಸ್ವರದಷ್ಟು ಇಳಿದಿತ್ತು.

ಅಕ್ಕ ತಂತಿಯ ಮೇಲಿನ ಕೈ ತೆಗೆದರು. ಬಳಿಕ ಬಹಳ ಮೆಲ್ಲಗೆ ಕೇಳಿದರು: "ನಿಮಗೂ ಅಂವಾ ಹೇಳಿ ಕಳಿಸ್ಯಾನೇನು?"

"ಅಕ್ಕಾರ, ಕೀಲಿ ನಿಮ್ಮ ಕಡೆ ಐತಿ."

"ಕೀಲಿ ನನ್ನ ಕಡೆ ಇದ್ದಾಗನೂ ಇಳದೈತಿ. ಅದು ನನಗ ಗೊತ್ತೈತಿ."

ಬೇಸಿಗೆಯಲ್ಲಿ ತಂತಿ ಕಾಯ್ದು ಸ್ವಲ್ಪ ಸಡಿಲಾಗುವುದು ಸಹಜ. ತಂಪಾದರೆ ತಾನೇ ಏರುತ್ತದೆ. ಆದರೆ ಇದು ಸಂಜೆಯಾದರೂ ಏರಲಿಲ್ಲ. ಹಾಗಾದರೆ ಬಿರಡೆ ತಿರುಗಿರಬೇಕು, ಇಲ್ಲವೇ ಬೇರೆ ಏನೋ ಸರಿದಿರಬೇಕು. ಮರುದಿನ ಶ್ರುತಿ ಮಾಡಿದ ಮೇಲೆ ಒಂದೊಂದು ಬಿರಡೆಯಿಂದ ಪಕ್ಕದ ಮರದ ಮೇಲಕ್ಕೆ ಹಾಯುವಂತೆ ಸೂಜಿಯಿಂದ ಒಂದು ಗೆರೆ ಎಳೆದೆ. ಬಿರಡೆ ಕೂದಲಿನಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಅಕ್ಕನಿಗೂ ತೋರಿಸಿದೆ. ಅವರು ಸಂದೂಕಿನ ಹಲಗೆಗಳನ್ನು ಒಂದೊಂದಾಗಿ ತಟ್ಟಿ, ಅಡಿಗೆ ಕೈ ಹಾಕಿ, ಕಳ್ಳಬಾಗಿಲು ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೀಲಿ ಜಡಿದು, ಸಂದೂಕಿನ ಮೇಲೇ ಹತ್ತಿ ಕುಳಿತರು. ಹತ್ತು ಗಂಟೆಯಿಂದ ಮೂರು ಗಂಟೆಯವರೆಗೆ ಅಲ್ಲಿಂದ ಇಳಿಯಲಿಲ್ಲ. ತಂಗಿ ಬುತ್ತಿ ತಂದುಕೊಟ್ಟಳು. ಅಲ್ಲೇ ಉಂಡರು. ತಗಡಿನ ಕೆಳಗೆ ಆ ಹೊತ್ತಿನಲ್ಲಿ ಉಸಿರಾಡುವುದೇ ಕಷ್ಟ. ಎದುರಿಗೆ ಕುಳಿತು ನಾನು ಹೊಸ ಬಿರಡೆ ಕಡೆಯುತ್ತಿದ್ದೆ. ತಪ್ಪಿ ಎದ್ದರೆ ಅವರ ಕಣ್ಣು ನನ್ನ ಕೂಡ ಏಳುತ್ತಿತ್ತು.

ಸಂದೂಕು ತೆಗೆದಾಗ ಶ್ರುತಿ ಮತ್ತೆ ಇಳಿದಿತ್ತು. ನಾಲ್ಕೂ ಗೆರೆಗಳು ಎಳೆದ ಹಾಗೇ ನೇರವಾಗಿದ್ದವು.

ಅಕ್ಕ ಗೆರೆಗಳನ್ನು ನೋಡಿದರು. ಉಗುರಿನಿಂದ ಸವರಿದರು. ಇನ್ನೊಮ್ಮೆ ತಂತಿ ಮೀಟಿದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಕತ್ತಲಲ್ಲಿ ಮೆಟ್ಟಿಲು ಇದೆಯೆಂದು ಕಾಲಿಟ್ಟು, ಇಲ್ಲದೆ ತಡವರಿಸಿದವರ ಹಾಗಿತ್ತು.

"ಮತ್ತ ಯಾರು ಇಳಸಿದ್ರು?" ಎಂದರು.

"ಯಾರೂ ಅಲ್ರಿ. ದಾಂಡಿ ಮುಂದ ಬಾಗತೈತಿ ಅಂತ ಕಾಣತೈತಿ."

ದಾರವೊಂದನ್ನು ತಲೆಯಿಂದ ಬುರುಡೆಯವರೆಗೆ ಎಳೆದು ಹಿಡಿದೆ. ದಾಂಡಿ ಬುರುಡೆಗೆ ಸೇರುವಲ್ಲಿ ದಾರಕ್ಕೂ ಮರಕ್ಕೂ ನಡುವೆ ಸಂದು. ಮುಂಜಾನೆ ಶ್ರುತಿ ಮಾಡುವಾಗ ಕಣ್ಣಿಗೆ ಇಷ್ಟು ಕಂಡಿರಲಿಲ್ಲ. ದಾಂಡಿಯೇ ತಂತಿಯ ಜಗ್ಗಿಗೆ ಮುಂದೆ ಬಂದರೆ ತಂತಿ ಸಡಿಲಾಗಲೇಬೇಕು. ಬೆಸುಗೆ ಬಿಚ್ಚಿ ನೋಡಬೇಕೆಂದೆ. ಅಕ್ಕ ತಾವೂ ಆ ಸಂದಿಗೆ ಉಗುರು ಹಾಕಿ ನೋಡಿ "ಬಿಚ್ಚರಿ" ಎಂದರು.

ಕರಿ ಬಣ್ಣ ಕೆರೆದು, ಸಂದಿಗೆ ಬಿಸಿ ಚಾಕು ತೂರಿಸಿದೆ. ಸರಸಿನ ವಾಸನೆ ಬರಬೇಕಿತ್ತು. ಬಂದದ್ದು ಅರಗಿನ ವಾಸನೆ. ಅರಗು ಬೇಸಿಗೆಯ ಬಿಸಿಗೆ ಮೆತ್ತಗಾಗುತ್ತದೆ. ಅದರಲ್ಲಿ ಬೆಸೆದ ದಾಂಡಿ ಮಧ್ಯಾಹ್ನ ಸರಿದು, ಸಂಜೆ ಅರಗು ಗಟ್ಟಿಯಾದಾಗ ಸರಿದಲ್ಲೇ ನಿಲ್ಲುತ್ತದೆ. ಯಾವ ಹೊಣೆಗೇಡಿ ಹೀಗೆ ಮಾಡಿದ ಎಂದು ಬೈಯುತ್ತಲೇ ಬೆಸುಗೆ ಬಿಡಿಸಿದೆ. ಒಳಗಿನ ಅರಗು ಕೆಂಪಗೆ ಮರಳುಮರಳಾಗಿತ್ತು. ಅದರ ನಡುವೆ ಬಿದಿರಿನ ಎರಡು ಸಣ್ಣ ಗೂಟ.

ಚಾಕು ಕೆಳಗಿಟ್ಟೆ.

ಅರಗಿಗೆ ಇಟ್ಟಿಗೆ ಪುಡಿ ಬೆರೆಸಿ, ಬಿದಿರಿನ ಜೋಡಿ ಗೂಟ ಹೊಡೆಯುವುದು ನಾನು ಅಂಗಡಿ ಹಾಕಿದ ಹೊಸದರಲ್ಲಿ ಮಾಡುತ್ತಿದ್ದ ಕೆಲಸ. ಈ ಭಾಗದಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ನೆನಪು ಒಂದೊಂದಾಗಿ ಬಂತು. ಆರು ವರ್ಷದ ಹಿಂದೆ, ಜಡಿಮಳೆಯ ದಿನ, ಒಬ್ಬ ಕೀರ್ತನಕಾರರು ಚಕ್ಕಡಿಯಿಂದ ಬಿದ್ದು ಕತ್ತು ಬಿಟ್ಟ ತಂಬೂರಿ ತಂದಿದ್ದರು. ಮರುದಿನವೇ ಕೀರ್ತನವಿತ್ತು. ಮಳೆಯ ತಂಪಿಗೆ ಸರಸು ಒಣಗುವುದಿಲ್ಲವೆಂದು ಅರಗು ತುಂಬಿ ಕೊಟ್ಟಿದ್ದೆ. ಆಗ ಅದಕ್ಕೆ ಕರಿ ಬಣ್ಣವಿರಲಿಲ್ಲ, ಹಿತ್ತಾಳೆ ಇರಲಿಲ್ಲ. ತಂದವರು ಇವರ ಗಂಡ.

"ಏನ್ರಿ? ಏನ ಐತಿ ಒಳಗ?" ಅಕ್ಕ ಬಗ್ಗಿ ನೋಡಿದರು.

"ಹಳೇ ಅರಗು" ಎಂದೆ. ಅದು ಸುಳ್ಳಲ್ಲ. "ಕೆರದು ತಗೀಬೇಕು. ನಾಳೆ ನೋಡೂಣು."

ಅವರು ಹೋದ ಮೇಲೆ ಆ ತುಂಡು ಹಿಡಿದು ಕುಳಿತೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಗಟ್ಟಿಯಾಗಿ ಬೆಸೆದು ಕೊಟ್ಟರೆ ತಂಬೂರಿ ಸರಿಹೋಗುತ್ತದೆ, ನನ್ನ ಹೆಸರೂ ಉಳಿಯುತ್ತದೆ. ಗೆರೆ ನೋಡಿದ ಅಕ್ಕನ ಸಂಶಯವೂ ಅಲ್ಲಾಡಿತ್ತು. ಆದರೆ ಸಂಶಯಕ್ಕೆ ಹೊಸ ದಾರಿ ಹುಡುಕುವುದು ಕಷ್ಟವಲ್ಲ ಎಂಬುದನ್ನು ಇಷ್ಟು ದಿನದಿಂದ ನೋಡಿದ್ದೆ. ಬೆಸುಗೆಯನ್ನೂ ಆ ಮೈದುನನೇ ಹಾಳು ಮಾಡಿಸಿದ್ದ ಎಂದು ನಾಳೆ ಅವರು ಅಂದರೆ ನಾನು ಏನು ಹೇಳಲಿ? ನನ್ನನ್ನು ಕೊರೆದ ಇನ್ನೊಂದು ಮಾತಿತ್ತು. ಇದು ತಾತ್ಕಾಲಿಕ ಕೆಲಸ, ಎರಡು ತಿಂಗಳಾದ ಮೇಲೆ ತಂದು ಸರಸು ಹಾಕಿಸಿಕೊಳ್ಳಿ ಎಂದು ಆ ಕೀರ್ತನಕಾರರಿಗೆ ಹೇಳಿದ್ದೆನೋ ಇಲ್ಲವೋ? ಹೇಳಿರಬೇಕು ಅನ್ನಿಸಿತು. ಹಾಗೆ ಅನ್ನಿಸುವುದು ನನಗೆ ಅನುಕೂಲವಾದ್ದರಿಂದಲೇ ಅನ್ನಿಸುತ್ತಿದೆಯೋ ಏನೋ ಎಂದು ನನ್ನ ಮೇಲೆಯೇ ಸಂಶಯ ಬಂತು. ಇವತ್ತಿಗೂ ಅದು ಖಾತ್ರಿಯಾಗಿಲ್ಲ.

ಮರುದಿನ ಅಕ್ಕ ಬಂದು ಕುಳಿತ ಕೂಡಲೇ ಆ ತುಂಡನ್ನು ಅವರ ಮುಂದಿಟ್ಟು ಎಲ್ಲ ಹೇಳಿದೆ. ಎರಡು ತಿಂಗಳ ಮಾತು ಹೇಳಿದ ನೆನಪು ಗಟ್ಟಿಯಿಲ್ಲ ಎಂಬುದನ್ನೂ ಹೇಳಿದೆ.

ಬೈಯುತ್ತಾರೆ, ತಂಬೂರಿ ಎತ್ತಿಕೊಂಡು ಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಅರಗಿನ ತುಂಡನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತ ಕುಳಿತರು.

"ಆರು ವರ್ಷ" ಎಂದರು. "ಅವ್ರು ಇದ್ದಾಗನೂ ಇಳೀತಿತ್ತೇನೋ. ಅವ್ರು ಯಾರ ಮ್ಯಾಲೂ ತಪ್ಪು ಹಾಕಲಿಲ್ಲ. ಏರಿಸಿಕೊಂಡು ಹಾಡತಿದ್ರು." ತುಂಡನ್ನು ಕೆಳಗಿಟ್ಟು, "ಲಗೂ ಬೆಸೀರಿ. ನರಗುಂದಕ್ಕ ಇನ್ನ ಹನ್ನೆರಡ ದಿನ ಐತಿ. ಅದಕ್ಕೂ ಮೊದಲ ನನಗ ಒಂದು ಊರ ಕೆಲಸ ಐತಿ" ಎಂದು ಎದ್ದರು. ಅಂದು ಅವರು ಸಂದೂಕಿಗೆ ಕೀಲಿ ಜಡಿಯಲಿಲ್ಲ. ನಂಬಿಕೆಯಿಂದಲೋ, ದಣಿವಿನಿಂದಲೋ, ನನಗೆ ತಿಳಿಯಲಿಲ್ಲ.

ಹಳೆಯ ಅರಗನ್ನು ಚೂರೂ ಬಿಡದೆ ಕೆರೆದೆ. ಮರದಲ್ಲಿ ಅರಗಿನಂಶ ಉಳಿದರೆ ಸರಸು ಹಿಡಿಯುವುದಿಲ್ಲ, ಅದಕ್ಕೆ ಸೋಡಾ ಹಾಕಿದ ಬಿಸಿನೀರಿನ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿದೆ. ದಾಂಡಿಯ ಕಾಲಿನಲ್ಲಿ ಸೀಳು ಬಿಟ್ಟಿತ್ತು. ಅಲ್ಲಿ ಸಾಗವಾನಿಯ ನಾಲಗೆಯಂಥ ತುಂಡೊಂದನ್ನು ಒಳಗಿಂದ ಕೂರಿಸಿದೆ. ಹೊಸ ಸರಸು ಹಚ್ಚಿ, ಹಗ್ಗ ಸುತ್ತಿ, ಹಗ್ಗದ ಕೆಳಗೆ ಬೆಣೆ ಹೊಡೆದು ಬಿಗಿ ಮಾಡಿ ಮೂರು ದಿನ ಮುಟ್ಟದೆ ಬಿಟ್ಟೆ. ಆ ಹೊತ್ತಿಗೆ ಬಿರಡೆಗಳೂ ಆದವು. ಹಿಡಿಕೆಯನ್ನು ತೆಳ್ಳಗೆ ಕಡೆದು, ಒಳಗೆ ಕೊರೆದು ಟೊಳ್ಳು ಮಾಡಿದ್ದೆ. ಒಂದು ಸೀಳಿ ಹೋಯಿತು, ಮತ್ತೆ ಮಾಡಿದೆ. ತೂಗಿದರೆ ನಾಲ್ಕೂ ಸೇರಿ ಒಂಬತ್ತು ತೊಲ. ತಂತಿ ಕಟ್ಟಿ ಅಕ್ಕನ ಹೆಗಲಿಗೆ ಹಾಕಿ ಕೈ ಬಿಡಲು ಹೇಳಿದೆ. ಅವರು ಹೆದರುತ್ತ ಎಡಗೈ ತೆಗೆದರು. ತಂಬೂರಿ ಓರೆಯಾಗಿ, ಇಟ್ಟಲ್ಲೇ ನಿಂತಿತು. ಖಾಲಿಯಾದ ಕೈಯನ್ನು ಅವರು ಎರಡು ಸಲ ಮುಚ್ಚಿ ತೆರೆದರು. ಮುಂದಿನ ಎರಡು ಮಧ್ಯಾಹ್ನ ಸಂದೂಕಿನಲ್ಲಿಟ್ಟು ನೋಡಿದೆವು. ಕಾವಿಗೆ ಒಂದು ಕೂದಲೆಳೆ ಇಳಿದದ್ದು ಸಂಜೆ ಮತ್ತೆ ಏರಿತು. ಅಷ್ಟೇ.

ಆಮೇಲೆ ಅಕ್ಕ ನನ್ನನ್ನು ಗಜೇಂದ್ರಗಡಕ್ಕೆ ಕರೆದುಕೊಂಡು ಹೋದರು. "ನಾ ಹೇಳಿದ್ರ ಅಂವಾ ನಂಬೂದಿಲ್ಲ. ಮಾಡಿದವರು ನೀವು, ನೀವ ಹೇಳ್ರಿ" ಎಂದರು.

ಮೈದುನ ರಾಟೆಯ ಮುಂದೆ ಕುಳಿತಿದ್ದ. ನಲವತ್ತು ದಾಟದ ಮನುಷ್ಯ, ಕೂದಲಿಗೆಲ್ಲ ನೂಲಿನ ಎಳೆ. ಅತ್ತಿಗೆಯನ್ನು ಕಂಡು ಎದ್ದು ನಿಂತ, ಆದರೆ ಬನ್ನಿ ಅನ್ನಲಿಲ್ಲ. ನಾನು ಅರಗಿನ ತುಂಡು ತೋರಿಸಿ ಹೇಳಿದೆ. ಅವನ ಕಣ್ಣು ನನ್ನಿಂದ ಅಕ್ಕನ ಕಡೆಗೆ, ಅಕ್ಕನಿಂದ ನನ್ನ ಕಡೆಗೆ ತಿರುಗುತ್ತಿತ್ತು. ಇದೇನೋ ಹೊಸ ಆಟ ಎಂದು ಹುಡುಕುವ ಕಣ್ಣು.

"ವೈನಿ, ಖರೇ ಹೇಳತೀನಿ" ಎಂದ ಕೊನೆಗೆ. "ನನಗೂ ನಿಮ್ಮ ಮ್ಯಾಲೆ ಸಂಶೆ ಇತ್ತು. ನನ್ನ ಪೆಟಗಿ ಬೇಸೂರ ಕಾಣಲಿ, ಮಂದಿ ನನ್ನ ಬೈಲಿ ಅಂತ ನೀವ ಬೇಕಂತ ತಂಬೂರಿ ಇಳಸತೀರಿ ಅನ್ಕೊಂಡಿದ್ದೆ."

"ತಪ್ಪಾತು ತಮ್ಮಾ. ನಡಿ, ನರಗುಂದಕ್ಕ ಬಾ" ಎಂದರು ಅಕ್ಕ.

ಅವನು ರಾಟೆಯ ಹಿಡಿಕೆ ಹಿಡಿದ. "ಇಳದದ್ದು ಕಟಿಗಿ ಅಂತ ಈಗ ತಿಳೀತು. ಆದ್ರ ಬೆಳವಣಕ್ಯಾಗ ನನಗ ಅಂದದ್ದು ಕಟಿಗಿ ಅಲ್ಲ, ನೀವು. ಇಲ್ಲಿ ಬಂದು ನನಗೊಬ್ಬಗ ಹೇಳಿದ್ರ ಏನ ಬಂತು? ಕೇಳಿದವ್ರು ಅಲ್ಲಿ ಅದಾರ."

ಅಕ್ಕ ಸೆರಗು ಹೊದ್ದು ಹೊರಗೆ ನಡೆದರು. ನಾವು ಬಂದ ಬಸ್ಸಿಗೇ ಹೊರಳಿದೆವು.

ನರಗುಂದಕ್ಕೆ ಹೋಗುವ ಮೊದಲು ಅವರು ಬೆಳವಣಕಿಯಲ್ಲಿ ಒಂದು ಸಂಜೆಯ ಕೀರ್ತನ ಇಟ್ಟುಕೊಂಡರು. ನನ್ನನ್ನೂ ಬರಹೇಳಿದ್ದರು. ಹೋದೆ. ಜನ ಸೇರಿದ್ದರು, ಆದರೆ ಮುಂದೆ ಬಂದು ಕೂಡಲು ಯಾರಿಗೂ ಮನಸ್ಸಿಲ್ಲ. ಈ ಸಲ ಯಾರ ಮೇಲೆ ಹರಿಹಾಯುತ್ತಾಳೋ ಎಂದು ನೋಡಲು ಬಂದವರೇ ಹೆಚ್ಚು. ಅಕ್ಕ ತಂಬೂರಿ ಹಾಕಿಕೊಂಡು ನಿಂತು, ದೇವರ ಸ್ತುತಿಗೂ ಮೊದಲು ಮಾತಾಡಿದರು.

"ಹ್ವಾದ ವರ್ಷ ಇದ ಜಾಗಾದಾಗ ನನ್ನ ಮೈದುನಗ ನಾ ಕಳ್ಳ ಅಂದಿದ್ದೆ. ನೀವೆಲ್ಲಾ ಕೇಳೀರಿ. ಅಂವಾ ಕಳ್ಳ ಅಲ್ಲ. ನನ್ನ ತಂಬೂರಿ ಕುತಿಗಿ ಸಡ್ಲ ಇತ್ತು, ನನ್ನ ನಾಲಿಗೀನೂ ಸಡ್ಲ ಇತ್ತು. ಅಂದದ್ದನ್ನ ಊರೆಲ್ಲಾ ಹೇಳೀರಿ, ಇದನ್ನೂ ಹೇಳ್ರಿ."

ಅವರು ನನ್ನ ಕಡೆ ನೋಡಲಿಲ್ಲ, ಏಳ್ರಿ ಅನ್ನಲಿಲ್ಲ. ನಾನೇ ಎದ್ದು, ಆ ಬೆಸುಗೆ ನನ್ನದು, ತಪ್ಪೂ ನನ್ನದು ಎಂದು ಹೇಳಿ ಕುಳಿತೆ. ಹಿಂದಿನಿಂದ ಯಾರೋ ನಕ್ಕರು. ಆಮೇಲೆ ಆರು ತಿಂಗಳು ಆ ಊರಿನಿಂದ ನನಗೆ ಕೆಲಸ ಬರಲಿಲ್ಲ. ಅದು ಇರಲಿ. ಅಂದು ಅಕ್ಕ ಹಾರ್ಮೋನಿಯಂ ಇಲ್ಲದೆಯೇ ಎರಡು ತಾಸು ಹಾಡಿದರು. ಎಡಗೈಯಲ್ಲಿ ಚಿಪಳಿ ಇತ್ತು.

ನರಗುಂದದ ಕೀರ್ತನ ಸೋಮವಾರ ಶುರುವಾಗಿತ್ತು. ಗುರುವಾರ ಮುಂಜಾನೆ ನಾನು ಅಂಗಡಿಯ ಬಾಗಿಲು ತೆಗೆಯುವಾಗ ಗಜೇಂದ್ರಗಡದ ಬಸ್ಸಿನಿಂದ ಇಳಿದ ಮೈದುನ ತಲೆಯ ಮೇಲೆ ಹಾರ್ಮೋನಿಯಂ ಹೊತ್ತು ನೇರವಾಗಿ ನನ್ನಲ್ಲಿಗೆ ಬಂದ. ಒಂದು ವರ್ಷ ಮೂಲೆಯಲ್ಲಿಟ್ಟಿದ್ದಕ್ಕೆ ಗಾಳಿ ಹಾಕುವ ತಿದಿಯ ತೊಗಲನ್ನು ಇಲಿ ಕಡಿದಿತ್ತು. ಒತ್ತಿದರೆ ಬುಸ್ಸೆನ್ನುತ್ತಿತ್ತು.

"ನರಗುಂದದ ಬಸ್ಸು ಎಷ್ಟಕ್ಕ ಐತ್ರಿ?" ಎಂದು ಕೇಳಿದ.

"ಹನ್ನೊಂದಕ್ಕ. ಯಾಕ್ರಿ, ಬೆಳವಣಕಿ ಸುದ್ದಿ ಬಂತೇನು?"

ಅವನು ಅಂಗಿಯ ತೋಳು ಮಡಚಿ ನನ್ನ ಎದುರಿಗೆ ಕುಳಿತು, ಹರಿದ ತೊಗಲನ್ನು ತಾನೇ ಬಿಡಿಸತೊಡಗಿದ.

"ಏಳು ದಿನದಾಗ ಮೂರು ದಿನ ಹ್ವಾದುವು" ಎಂದ. "ಇನ್ನ ನಾಕು ದಿನ ನಮ್ಮ ಕೀರ್ತನ ಐತಿ. ಲಗೂ ಮಾಡ್ರಿ."